ರೇಸಿಂಗ್ ಆಟಗಳ ಫೋಟೋ ಮೋಡ್: ಯಾವುದರಲ್ಲಿ ಕಲಿಯಬೇಕು?

ಪ್ರಶ್ನೆ: ನಾನು ಗಂಗಾವತಿಯಲ್ಲಿ ಪದವಿ ಓದುತ್ತಿದ್ದೇನೆ. ವಾಹನಗಳ ಛಾಯಾಗ್ರಹಣ ಎಂದರೆ ನನಗೆ ಹುಚ್ಚು. ಕ್ಯಾಮೆರಾ ಕೊಳ್ಳುವಷ್ಟು ಹಣ ಸದ್ಯಕ್ಕೆ ಇಲ್ಲ, ಸಾಧಾರಣ ಮೊಬೈಲ್ ಇದೆ. ಅಣ್ಣ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಪಿಎಸ್4 (ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಮನೆಯಲ್ಲಿದೆ. ಗೆಳೆಯನ ಹತ್ತಿರ ಗೇಮಿಂಗ್ ಲ್ಯಾಪ್‌ಟಾಪ್ ಇದೆ. ರೇಸಿಂಗ್ ಆಟಗಳ ಫೋಟೋ ಮೋಡ್‌ನಲ್ಲಿ, ಅಂದರೆ ಆಟದೊಳಗೇ ಕಾರಿನ ಚಿತ್ರ ತೆಗೆಯುವ ಸೌಲಭ್ಯದಲ್ಲಿ, ಗಂಟೆಗಟ್ಟಲೆ ಕೂರುತ್ತೇನೆ. ಇವುಗಳಲ್ಲಿ ಯಾವ ಆಟದ ಫೋಟೋ ಮೋಡ್ ಉತ್ತಮ? ಅಲ್ಲಿ ಕಲಿತದ್ದು ನಿಜವಾದ ಕ್ಯಾಮೆರಾ ಹಿಡಿದಾಗ ಕೆಲಸಕ್ಕೆ ಬರುತ್ತದೆಯೇ? ಆ ಚಿತ್ರಗಳನ್ನು ಛಾಯಾಚಿತ್ರ ಸ್ಪರ್ಧೆಗೆ ಕಳಿಸಬಹುದೇ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ಕಣ್ಣು ತುಂಬುವ ಚಿತ್ರವೊಂದೇ ಸಾಕೆಂದರೆ ಗ್ರಾನ್ ಟುರಿಸ್ಮೊ 7ರ ‘ಸ್ಕೇಪ್ಸ್’, ಅಂದರೆ ನಿಜವಾದ ಸ್ಥಳದ ಛಾಯಾಚಿತ್ರದೊಳಗೆ ಕಾರು ನಿಲ್ಲಿಸಿ ಚಿತ್ರ ತೆಗೆಯುವ ಸೌಲಭ್ಯ. ಅಲೆದಾಡಿ ಜಾಗ ಹುಡುಕುವ ಖುಷಿ ಬೇಕೆಂದರೆ ಫೋರ್ಜಾ ಹೊರೈಜನ್ 5. ಆದರೆ ನೀವು ಕೇಳುತ್ತಿರುವುದು ಕಲಿಕೆಯ ಬಗ್ಗೆ. ಕಲಿಯುವವರಿಗೆ ನನ್ನ ಆಯ್ಕೆ ಈ ಎರಡೂ ಅಲ್ಲ. ರೇಸ್ ಮುಗಿದ ಮೇಲೆ ಅದರ ರೀಪ್ಲೇ ಹಾಕಿ, ಅದರೊಳಗಿನಿಂದ ಒಂದು ಕ್ಷಣವನ್ನು ಆರಿಸಿ ಚಿತ್ರ ತೆಗೆಯುವ ಸೌಲಭ್ಯವಿದೆಯಲ್ಲ, ಅದರ ಮುಂದೆ ಕೂರಿ. ಗ್ರಾನ್ ಟುರಿಸ್ಮೊ 7ರಲ್ಲಿ ಅದಿದೆ, ನಿಮ್ಮ ಪಿಎಸ್4ನಲ್ಲೂ ನಡೆಯುತ್ತದೆ. ಗೆಳೆಯನ ಲ್ಯಾಪ್‌ಟಾಪ್‌ನಲ್ಲಾದರೆ ಅಸೆಟ್ಟೊ ಕೊರ್ಸಾ ಎಂಬ ರೇಸಿಂಗ್ ಆಟ. ರೀಪ್ಲೇಯಲ್ಲಿ ಬೆಳಕು ನಿಮ್ಮ ಮಾತು ಕೇಳುವುದಿಲ್ಲ, ಕಾರು ನೀವು ಹೇಳಿದಲ್ಲಿ ನಿಲ್ಲುವುದಿಲ್ಲ. ಎಲ್ಲಿ ನಿಂತು ನೋಡಬೇಕು, ಯಾವಾಗ ಗುಂಡಿ ಒತ್ತಬೇಕು ಎಂಬುದಷ್ಟೇ ನಿಮ್ಮ ಪಾಲಿಗೆ ಉಳಿಯುತ್ತದೆ. ರಸ್ತೆಯ ಬದಿಯಲ್ಲಿ ಕ್ಯಾಮೆರಾ ಹಿಡಿದು ನಿಂತವನ ಪಾಲಿಗೆ ಉಳಿಯುವುದೂ ಅಷ್ಟೇ.

ಬಳ್ಳಾರಿಯಲ್ಲಿ ವಾಹನಗಳ ಚಿತ್ರ ತೆಗೆಯುವುದು ನನ್ನ ಕಸುಬು: ಷೋರೂಮಿನ ಹೊಸ ಕಾರು, ಟ್ರ್ಯಾಕ್ಟರ್, ಅದಿರು ಸಾಗಿಸುವ ಟಿಪ್ಪರ್, ಮದುವೆಯ ಕಾರು, ಯಾವುದು ಬಂದರೂ. ಆಟಗಳ ಫೋಟೋ ಮೋಡ್‌ಗಳನ್ನು ನಾನು ಅಳೆಯುವುದು ಈ ನೆಲದಲ್ಲಿ ಕಂಡದ್ದನ್ನು ಮುಂದಿಟ್ಟುಕೊಂಡೇ. ಸಂಡೂರಿನ ಕಡೆ ಹೋದಾಗ ಸಂಜೆ ನಾಲ್ಕೂವರೆಯ ಬಿಸಿಲಿನಲ್ಲಿ, ಕೆಮ್ಮಣ್ಣಿನ ಮೇಲೆ ನಿಂತ ಬಿಳಿ ಕಾರೊಂದನ್ನು ಹತ್ತಿರದಿಂದ ನೋಡಿ. ಅದು ಪೂರ್ತಿ ಬಿಳಿಯಾಗಿರುವುದಿಲ್ಲ. ನೆರಳಿನ ಬದಿಗೆ ಬಂದು ನಿಂತರೆ ಮೇಲ್ಭಾಗಕ್ಕೆ ಆಕಾಶದ ತುಸು ನೀಲಿ ಹತ್ತಿರುತ್ತದೆ. ಬಾಗಿಲಿನ ನಡುವೆ ಉದ್ದಕ್ಕೂ ಹಾದುಹೋಗುವ ಮಡಿಕೆಯಿಂದ ಕೆಳಗೆ ಬಣ್ಣವೇ ಬದಲಾಗುತ್ತದೆ. ನೆಲಕ್ಕೆ ಬಡಿದು ಮೇಲೆದ್ದ ಬೆಳಕು ಅಲ್ಲಿ ಕೆಂಪು ಬಳಿದಿರುತ್ತದೆ. ಅದು ಧೂಳಲ್ಲ, ಒರೆಸಿದರೂ ಹೋಗುವುದಿಲ್ಲ. ಇನ್ನು ಟೈರು ನೆಲ ಮುಟ್ಟುವ ಜಾಗದಲ್ಲಿ ಬೆರಳಗಲದ ಕಡುಗಪ್ಪು ಇರುತ್ತದೆ. ಆ ಕಪ್ಪು ಇದ್ದರೆ ಕಾರಿಗೆ ತೂಕ ಬರುತ್ತದೆ, ಇಲ್ಲದಿದ್ದರೆ ಒಂದೂವರೆ ಟನ್ನಿನ ವಾಹನವೂ ನೆಲದಿಂದ ಎದ್ದು ತೇಲಿದಂತೆ ಕಾಣುತ್ತದೆ.

ಯಾವ ಆಟದ ಚಿತ್ರ ನೋಡಿದರೂ ನಾನು ಮೊದಲು ಹುಡುಕುವುದು ಈ ಮೂರನ್ನು: ಮೇಲಿನ ನೀಲಿ, ಕೆಳಗಿನ ನೆಲದ ಬಣ್ಣ, ಟೈರಿನಡಿಯ ಕಪ್ಪು. ಫಿಲ್ಟರು, ಫ್ರೇಮು, ಸ್ಟಿಕ್ಕರುಗಳು ಎಷ್ಟಿವೆ ಎಂದು ಎಣಿಸಿ ಹೋಲಿಸುವವರಿದ್ದಾರೆ. ಅವು ಯಾವ ಮೊಬೈಲ್ ಆ್ಯಪ್‌ನಲ್ಲಾದರೂ ಸಿಗುತ್ತವೆ. ಬಣ್ಣ ಬಳಿದ ಬಾಗು ಲೋಹದ ಮೇಲೆ ಬೆಳಕು ಹೇಗೆ ಕೂರುತ್ತದೆ ಎಂಬುದನ್ನು ಆಟ ಸರಿಯಾಗಿ ತೋರಿಸಿದರೆ ಮಾತ್ರ ಅಲ್ಲಿ ಕಲಿಯಲು ಏನಾದರೂ ಇದೆ.

ಈ ಅಳತೆಗೆ ಸ್ಕೇಪ್ಸ್ ಚೆನ್ನಾಗಿ ನಿಲ್ಲುತ್ತದೆ. ಜಪಾನಿನ ಪಾಲಿಫೊನಿ ಡಿಜಿಟಲ್ ಇದನ್ನು 2017ರ ಗ್ರಾನ್ ಟುರಿಸ್ಮೊ ಸ್ಪೋರ್ಟ್‌ನಲ್ಲಿ ತಂದಿತು. 2022ರ ಮಾರ್ಚ್‌ನಲ್ಲಿ ಬಿಡುಗಡೆಯಾದ 7ರಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳ 2,500ಕ್ಕೂ ಹೆಚ್ಚು ಸ್ಥಳಗಳಿವೆ. ಇವು ಆಟಕ್ಕಾಗಿ ಕಂಪ್ಯೂಟರಿನಲ್ಲಿ ಕಟ್ಟಿದ ಬೀದಿಗಳಲ್ಲ, ನಿಜವಾಗಿ ಹೋಗಿ ತೆಗೆದ ಛಾಯಾಚಿತ್ರಗಳು. ಪ್ರತಿಯೊಂದು ಚಿತ್ರದ ಜೊತೆಗೆ ಆ ಜಾಗದಲ್ಲಿ ಯಾವ ದಿಕ್ಕಿನಿಂದ ಎಷ್ಟು ಬೆಳಕು ಬರುತ್ತಿತ್ತು, ಯಾವ ವಸ್ತು ಎಷ್ಟು ದೂರದಲ್ಲಿತ್ತು ಎಂಬ ಮಾಹಿತಿಯನ್ನೂ ಸೇರಿಸಿಟ್ಟಿದ್ದಾರೆ. ನೀವು ತಂದು ನಿಲ್ಲಿಸಿದ ಕಾರಿನ ಮೇಲೆ ಬೀಳುವುದು ಆ ಜಾಗದಿಂದಲೇ ಅಳೆದು ತಂದ ಬೆಳಕು. ಸೂರ್ಯನಷ್ಟೇ ಅಲ್ಲ, ಆಕಾಶ, ಎದುರಿನ ಗೋಡೆ, ಕೆಳಗಿನ ನೆಲ ಎಲ್ಲವೂ ಬೆಳಕಿನ ಮೂಲಗಳಾಗುತ್ತವೆ. ಆದ್ದರಿಂದಲೇ ಮರಳಿನ ಮೇಲೆ ನಿಲ್ಲಿಸಿದ ಕಾರಿನ ಬಾಗಿಲಿಗೆ ಮರಳಿನ ಬಣ್ಣ ಹತ್ತುತ್ತದೆ. ಮುಂದಿನ ಚಕ್ರಗಳನ್ನು ಎಷ್ಟು ತಿರುಗಿಸಬೇಕು, ಯಾವ ದೀಪ ಉರಿಯಬೇಕು ಎಂಬುದೂ ನಿಮ್ಮ ಕೈಯಲ್ಲೇ ಇದೆ.

ಇಲ್ಲಿ ಒಂದು ಕಸುಬಿನ ಮಾತು. ಚಕ್ರ ತಿರುಗಿಸುವಾಗ ರಿಮ್ಮಿನ ಮುಖ ಕ್ಯಾಮೆರಾದ ಕಡೆಗೆ ಬರಬೇಕು, ಟೈರಿನ ಹಲ್ಲುಗಳು ಬರಬಾರದು. ಕಾರು ಎಡಮುಖವಾಗಿ ನಿಂತಿದ್ದರೂ ಬಲಮುಖವಾಗಿ ನಿಂತಿದ್ದರೂ ನಿಯಮ ಇದೇ. ಇದನ್ನು ತಪ್ಪಿಸಿದ ಚಿತ್ರವನ್ನು ಷೋರೂಮಿನವರು ಒಂದೇ ನೋಟಕ್ಕೆ ಬದಿಗಿಡುತ್ತಾರೆ. ಸ್ಕೇಪ್ಸ್‌ನಲ್ಲಿ ಇದನ್ನು ಕೈಗೆ ರೂಢಿ ಮಾಡಿಕೊಳ್ಳಿ, ಮುಂದೆ ಮರೆಯುವುದಿಲ್ಲ.

ಇಷ್ಟಿದ್ದೂ ಸ್ಕೇಪ್ಸ್ ನಿಮ್ಮ ಶಾಲೆಯಾಗಬಾರದು ಎನ್ನುವುದಕ್ಕೆ ಕಾರಣವಿದೆ. ಹಿನ್ನೆಲೆ ಒಂದು ಛಾಯಾಚಿತ್ರವಾದ್ದರಿಂದ ಮೂಲ ಛಾಯಾಗ್ರಾಹಕ ಎಲ್ಲಿ ನಿಂತಿದ್ದನೋ ನೀವೂ ಅಲ್ಲೇ ನಿಲ್ಲಬೇಕು. ಕತ್ತು ತಿರುಗಿಸಬಹುದು, ಲೆನ್ಸ್ ಹಿಗ್ಗಿಸಬಹುದು, ಕಾರನ್ನು ಅನುಮತಿ ಇರುವ ಜಾಗದಲ್ಲಿ ಸರಿಸಬಹುದು. ಆದರೆ ಎರಡು ಹೆಜ್ಜೆ ಎಡಕ್ಕೆ ಹೋಗಿ, ಮಂಡಿಯೂರಿ ಕೂತು, ಕಂಬವನ್ನು ಕಾರಿನ ಹಿಂದೆ ಮರೆಮಾಡುವುದಕ್ಕೆ ಆಗುವುದಿಲ್ಲ. ಛಾಯಾಗ್ರಹಣದ ಅರ್ಧ ಪಾಠ ಕಾಲಿನಲ್ಲಿದೆ. ಸ್ಕೇಪ್ಸ್‌ನಲ್ಲಿ ಆ ಪಾಠವನ್ನು ಬೇರೆ ಯಾರೋ ನಿಮಗಿಂತ ಮೊದಲೇ ಮುಗಿಸಿಬಿಟ್ಟಿರುತ್ತಾರೆ, ಅದೂ ಒಬ್ಬ ಒಳ್ಳೆಯ ಛಾಯಾಗ್ರಾಹಕ. ಅಲ್ಲಿ ಕೆಟ್ಟ ಚಿತ್ರ ತೆಗೆಯುವುದೇ ಕಷ್ಟ. ಕೆಟ್ಟ ಚಿತ್ರ ತೆಗೆಯಲು ಅವಕಾಶವಿಲ್ಲದ ಕಡೆ ಒಳ್ಳೆಯದು ಏಕೆ ಒಳ್ಳೆಯದಾಯಿತು ಎಂಬುದು ತಿಳಿಯುವುದಿಲ್ಲ.

ಪಿಎಸ್5ನಲ್ಲಿ ಇದೇ ಆಟ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಿ ಬಿಂಬ ಮೂಡಿಸುವ ವಿಧಾನ) ಬಳಸುತ್ತದೆ, ಸ್ಕೇಪ್ಸ್‌ನಲ್ಲಿಯೂ ರೀಪ್ಲೇಯಲ್ಲಿಯೂ. ಪಕ್ಕದ ಕನ್ನಡಿಯ ಬಿಂಬ ಬಾಗಿಲಿನ ಬಣ್ಣದಲ್ಲಿ ಮೂಡುವುದು, ಪಕ್ಕಪಕ್ಕ ನಿಂತ ಎರಡು ಕಾರುಗಳು ಒಂದರ ಮೈಯಲ್ಲಿ ಇನ್ನೊಂದು ಕಾಣುವುದು ಇದರಿಂದಲೇ. ಪಿಎಸ್4ನಲ್ಲಿ ಅದಿಲ್ಲ. ಅದಕ್ಕಾಗಿ ಬೇಸರ ಬೇಡ, ಹೊಸ ಯಂತ್ರಕ್ಕೆ ಸಾಲವಂತೂ ಬೇಡವೇ ಬೇಡ. ಬಿಂಬ ಇಲ್ಲದಿದ್ದರೂ ನೆರಳು, ಕೋನ, ಕ್ಷಣ ಇವುಗಳಲ್ಲಿ ಕಲಿಯುವುದಕ್ಕೆ ಬೇಕಾದಷ್ಟಿದೆ.

ಫೋರ್ಜಾ ಹೊರೈಜನ್ 5 ಸ್ಕೇಪ್ಸ್‌ಗೆ ಪೂರ್ತಿ ವಿರುದ್ಧ ದಿಕ್ಕಿನದು. 2021ರ ನವೆಂಬರ್‌ನಲ್ಲಿ ಬಂದ ಈ ಆಟ ಮೆಕ್ಸಿಕೋ ದೇಶವನ್ನು ಚಿಕ್ಕದಾಗಿ ಕಟ್ಟಿಕೊಟ್ಟಿದೆ: ಮರುಭೂಮಿ, ಜ್ವಾಲಾಮುಖಿ, ಕಾಡು, ಗ್ವಾನಹ್ವಾಟೊದ ಬಣ್ಣಬಣ್ಣದ ಮನೆಗಳ ಇಕ್ಕಟ್ಟಿನ ಬೀದಿಗಳು. ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಫೋಟೋ ಮೋಡ್ ತೆರೆಯಬಹುದು. ಇದರ ಆಕಾಶ ನನಗೆ ಬಹಳ ಇಷ್ಟ. ಮೆಕ್ಸಿಕೋದ ನಿಜವಾದ ಆಕಾಶವನ್ನು ಚಿತ್ರೀಕರಿಸಿ ತಂದು ಬಳಸಿದ್ದಾರೆ. ಮುಕ್ತವಾಗಿ ಓಡಾಡುವಾಗ ಗಡಿಯಾರ ತಾನಾಗಿ ಓಡುತ್ತಿರುತ್ತದೆ, ವಾರಕ್ಕೊಮ್ಮೆ ಋತು ಬದಲಾಗುತ್ತದೆ, ಧೂಳಿನ ಬಿರುಗಾಳಿಯೂ ಏಳುತ್ತದೆ. ಆ ಬಿರುಗಾಳಿಯ ಮುಂದೆ ಕಾರು ನಿಲ್ಲಿಸಿದಾಗ ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ನೆನಪಾಗದೆ ಇರದು: ದೂರದ ವಸ್ತುಗಳೆಲ್ಲ ಒಂದೇ ಮಾಸಲು ಬಣ್ಣಕ್ಕೆ ತಿರುಗಿ, ಹತ್ತಿರದ ಒಂದು ವಸ್ತು ಮಾತ್ರ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ. ಧೂಳು ಹಿನ್ನೆಲೆಯನ್ನು ಸರಳ ಮಾಡುತ್ತದೆ ಎಂಬುದು ಬಳ್ಳಾರಿ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ದೊಡ್ಡ ವರ. ಆ ವರವನ್ನು ಬಳಸಲು ಈ ಆಟದಲ್ಲಿ ಅಭ್ಯಾಸ ಮಾಡಬಹುದು. ಓಡಿಸಿದಷ್ಟೂ ಕಾರಿನ ಮೈಗೆ ಕೆಸರು, ಧೂಳು ಹತ್ತುವುದೂ ಇಲ್ಲಿನ ಒಳ್ಳೆಯ ಗುಣ.

ಚಕ್ರ ತಿರುಗಿಸಲು ಇಲ್ಲಿ ಬೇರೆಯದೇ ಉಪಾಯ ಬೇಕು. ಸ್ಟಿಕ್ ಅನ್ನು ಒಂದು ಬದಿಗೆ ತಳ್ಳಿ ಹಿಡಿದುಕೊಂಡೇ ಫೋಟೋ ಮೋಡ್ ತೆರೆಯಿರಿ. ಜಗತ್ತು ಸ್ತಬ್ಧವಾದಾಗ ಚಕ್ರವೂ ತಿರುಗಿದ ಸ್ಥಿತಿಯಲ್ಲೇ ನಿಂತಿರುತ್ತದೆ.

ಕೊರತೆಗಳೂ ಇವೆ. ಓಡಾಡುವ ಆಟದಲ್ಲಿ ಬೆಳಕನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಬೇಕಾದ್ದರಿಂದ ನೆಲದಿಂದ ಮೇಲೇಳುವ ಬೆಳಕು ಅಂದಾಜಿನದು. ಮರುಭೂಮಿಯಲ್ಲಿ ಬಿಳಿ ಕಾರು ನಿಲ್ಲಿಸಿ ಬಾಗಿಲಿನ ಕೆಳಭಾಗ ನೋಡಿ, ಆಮೇಲೆ ಅದೇ ಕಾರನ್ನು ಸ್ಕೇಪ್ಸ್‌ನ ಮರುಭೂಮಿಯಲ್ಲಿ ನಿಲ್ಲಿಸಿ ನೋಡಿ. ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಆಟದಲ್ಲಿರುವ ಪ್ರತಿ ಕಾರಿನ ಫೋಟೋ ತೆಗೆದರೆ ಬಹುಮಾನ, ವಾರಕ್ಕೊಂದು ಫೋಟೋ ಸವಾಲು ಎಂದು ಆಟವೇ ನಿಮ್ಮನ್ನು ಓಡಿಸುತ್ತದೆ. ಎದುರಿಗೆ ಬಂದ ಕಾರಿನತ್ತ ಕ್ಯಾಮೆರಾ ತಿರುಗಿಸಿ, ಕ್ಲಿಕ್ಕಿಸಿ, ಮುಂದಕ್ಕೆ ಹೋಗುವ ಅಭ್ಯಾಸ ಬೆಳೆಯುತ್ತದೆ. ಕೂತು ಕಾಯುವವರಿಗೆ ಈ ಆಟದಲ್ಲಿ ಸಿಗುವುದು ಅಪಾರ. ಆದರೆ ಕಾಯುವಂತೆ ಅದು ಒತ್ತಾಯಿಸುವುದಿಲ್ಲ. ಹಾಗಾಗಿ ನೀವೇ ಒಂದು ಕಟ್ಟುಪಾಡು ಹಾಕಿಕೊಳ್ಳಬೇಕು: ಒಂದು ಸಂಜೆಗೆ ಒಂದೇ ಜಾಗ. ಬೆಳಕು ಅಲ್ಲಿಗೆ ಬರುವವರೆಗೆ ಕದಲಬಾರದು.

ಈಗ ರೀಪ್ಲೇಗೆ ಬರೋಣ. ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ ಗ್ರಾನ್ ಟುರಿಸ್ಮೊ 7ರಲ್ಲಿದೆ. ಅಸೆಟ್ಟೊ ಕೊರ್ಸಾದಲ್ಲಿ ಹೆಚ್ಚುವರಿ ಪ್ಯಾಕ್ ಆಗಿ ಸಿಗುತ್ತದೆ. ಸುಮಾರು 20.8 ಕಿ.ಮೀ. ಉದ್ದದ ಆ ಹಾದಿಯಲ್ಲಿ ಕಾರುಸೆಲ್ ಎಂಬ ತಿರುವಿದೆ. ಒಳಬದಿಯಲ್ಲಿ ಓರೆಯಾದ ಕಾಂಕ್ರೀಟಿನ ತೊಟ್ಟಿಯಂಥ ಪಟ್ಟಿ, ಹೊರಬದಿಯಲ್ಲಿ ಸಾಮಾನ್ಯ ಡಾಂಬರು. ಮಾಜ್ದಾ ಎಂಎಕ್ಸ್-5 ಎರಡೂ ಆಟಗಳಲ್ಲಿದೆ. ಅದರಲ್ಲಿ ಒಂದು ಸುತ್ತು ಹೊಡೆದು, ರೀಪ್ಲೇಯನ್ನು ಕಾರುಸೆಲ್‌ನಲ್ಲಿ ನಿಲ್ಲಿಸಿ. ಕಾರು ಕಾಂಕ್ರೀಟಿಗೆ ಇಳಿಯುವ ಆ ಕ್ಷಣವನ್ನು ಸಣ್ಣಸಣ್ಣ ತುಣುಕುಗಳಾಗಿ ನೋಡಿ. ಮೊದಲು ಎಡ ಮುಂದಿನ ಚಕ್ರ ಕೆಳಕ್ಕೆ ಇಳಿಯುತ್ತದೆ, ಮೂತಿ ಬಾಗುತ್ತದೆ. ಹಿಂದಿನ ಚಕ್ರ ಇನ್ನೂ ಮೇಲೆ ಇರುತ್ತದೆ, ದೇಹ ಓರೆಯಾಗಿ ತಿರುಚಿದಂತೆ ಕಾಣುತ್ತದೆ. ಮರುಕ್ಷಣ ಇಡೀ ಕಾರು ತೊಟ್ಟಿಯೊಳಗೆ ಕೂತು ಸ್ಪ್ರಿಂಗುಗಳು ಒತ್ತಿಕೊಳ್ಳುತ್ತವೆ, ಚಕ್ರದ ಕಮಾನಿಗೂ ಟೈರಿಗೂ ನಡುವಿನ ಸಂದು ಕಿರಿದಾಗುತ್ತದೆ.

ಚಿತ್ರ ಇರುವುದು ಮೊದಲ ಕ್ಷಣದಲ್ಲಿ. ತಿರುಚಿದ ದೇಹ ಕಾರಿನ ವೇಗವನ್ನೂ ತೂಕವನ್ನೂ ಒಟ್ಟಿಗೆ ಹೇಳುತ್ತದೆ. ಪೂರ್ತಿ ಕೂತ ಮೇಲೆ ಅದು ಓರೆಯಾಗಿ ನಿಲ್ಲಿಸಿದ ಕಾರಿನಂತೆ ಕಾಣುತ್ತದೆ. ಇವೆರಡರ ನಡುವಿನ ಅಂತರ ಸೆಕೆಂಡಿನ ಒಂದು ಸಣ್ಣ ಭಾಗ. ರೀಪ್ಲೇಯಲ್ಲಿ ಅದನ್ನು ನಿಲ್ಲಿಸಿ ನೋಡುತ್ತ ಹೋದರೆ ಕಣ್ಣಿಗೆ ಆ ಭಂಗಿ ಪರಿಚಯವಾಗುತ್ತದೆ. ಆಮೇಲೆ ಸಿರುಗುಪ್ಪದ ಗದ್ದೆಯಂಚಿನಲ್ಲಿ ಟ್ರ್ಯಾಕ್ಟರ್ ಬದು ಹತ್ತಿ ಇಳಿಯುವಾಗಲೂ ಅದೇ ತಿರುಚು ನಿಮಗೆ ಕಾಣುತ್ತದೆ, ಬೆರಳು ಸಿದ್ಧವಾಗಿರುತ್ತದೆ. ಆಟದಿಂದ ಕ್ಯಾಮೆರಾಕ್ಕೆ ನೇರವಾಗಿ ದಾಟಿ ಬರುವ ವಿದ್ಯೆ ಎಂದರೆ ಇದು.

ಎರಡನೆಯ ಪಾಠ ಚಲನೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿ, 1/1000 ಸೆಕೆಂಡ್ ಇಟ್ಟರೆ ಆ ಅವಧಿಯಲ್ಲಿ ಕಾರು ಮೂರು ಸೆಂ.ಮೀ.ಗಿಂತ ಕಡಿಮೆ ಸರಿಯುತ್ತದೆ. 1/60 ಇಟ್ಟರೆ ಸುಮಾರು 46 ಸೆಂ.ಮೀ. ಇನ್ನು ಚಕ್ರ: 64 ಸೆಂ.ಮೀ. ವ್ಯಾಸದ ಚಕ್ರದ ಸುತ್ತಳತೆ ಎರಡು ಮೀಟರ್. ಅಂದರೆ 1/1000ರಲ್ಲಿ ಅದು ತಿರುಗುವುದು ಬರೀ ಐದು ಡಿಗ್ರಿ, ಕಾರು ನಿಂತಂತೆಯೇ ಕಾಣುತ್ತದೆ. 1/250ರಲ್ಲಿ ಇಪ್ಪತ್ತು ಡಿಗ್ರಿ, ಕಡ್ಡಿಗಳ ಅಂಚು ಮೃದುವಾಗುತ್ತದೆ. 1/60ರಲ್ಲಿ ಎಂಬತ್ತು ಡಿಗ್ರಿ ದಾಟುತ್ತದೆ. ಐದು ಕಡ್ಡಿಯ ರಿಮ್ಮಿನಲ್ಲಿ ಕಡ್ಡಿಗಳ ನಡುವಿನ ಅಂತರ 72 ಡಿಗ್ರಿ. ಹಾಗಾಗಿ ಅಲ್ಲಿಗೆ ಕಡ್ಡಿಗಳೆಲ್ಲ ಕರಗಿ ಒಂದು ತಟ್ಟೆಯಾಗುತ್ತವೆ. ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದರೆ ಮರೆತುಹೋಗುತ್ತದೆ. ಆಟದ ಫೋಟೋ ಮೋಡ್‌ನಲ್ಲಿ ಒಂದೇ ಕ್ಷಣವನ್ನು ಹಿಡಿದಿಟ್ಟು ಶಟರನ್ನು 1/1000ದಿಂದ 1/60ಕ್ಕೆ ಒಂದೊಂದೇ ಹೆಜ್ಜೆ ಇಳಿಸುತ್ತ ನೋಡಿದರೆ ಕಣ್ಣಲ್ಲಿ ಉಳಿಯುತ್ತದೆ. ನಿಜವಾದ ಕಾರು ಅದೇ ಕ್ಷಣವನ್ನು ನಿಮಗಾಗಿ ಮತ್ತೆ ತಂದುಕೊಡುವುದಿಲ್ಲ. ಇಲ್ಲಿ ಆಟಕ್ಕೆ ಕ್ಯಾಮೆರಾಕ್ಕಿಂತಲೂ ಒಂದು ಕೈ ಮೇಲೆಂದೇ ನಾನು ಹೇಳುತ್ತೇನೆ.

ಈ ಹಂತದಲ್ಲಿ ಆಟದ ಪ್ರಾಮಾಣಿಕತೆಯನ್ನು ಪರೀಕ್ಷಿಸುವ ಒಂದು ಗುರುತು ಹೇಳುತ್ತೇನೆ: ಬ್ರೇಕ್ ಕಾಲಿಪರ್ ನೋಡಿ. ರಿಮ್ಮಿನ ಹಿಂದೆ ಕೆಂಪು ಅಥವಾ ಹಳದಿ ಬಣ್ಣದಲ್ಲಿ ಕಾಣುವ ಆ ತುಂಡು ಚಕ್ರದ ಜೊತೆ ತಿರುಗುವುದಿಲ್ಲ. ನಿಜವಾದ ಪ್ಯಾನಿಂಗ್ ಚಿತ್ರದಲ್ಲಿ, ಅಂದರೆ ಓಡುವ ವಾಹನದ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆದ ಚಿತ್ರದಲ್ಲಿ, ಕಡ್ಡಿಗಳು ಕರಗಿ, ಅವುಗಳ ಹಿಂದೆ ಕಾಲಿಪರ್ ತನ್ನ ಜಾಗದಲ್ಲಿ ಸ್ಥಿರವಾಗಿ, ತೆಳುವಾದ ಪರದೆಯೊಂದರ ಆಚೆ ಇದ್ದಂತೆ ಕಾಣುತ್ತದೆ. ಆಟ ಚಕ್ರದ ಚಿತ್ರವನ್ನೇ ಒಟ್ಟಾಗಿ ಉಜ್ಜಿ ಮಸುಕು ಮಾಡಿದ್ದರೆ ಕಾಲಿಪರ್ ಕೂಡ ಅದರಲ್ಲಿ ಸೇರಿ ಬಳೆಯಾಗಿಬಿಟ್ಟಿರುತ್ತದೆ. ಹಲವು ಸೂಕ್ಷ್ಮ ಕ್ಷಣಗಳನ್ನು ಲೆಕ್ಕ ಹಾಕಿ ಒಂದರ ಮೇಲೊಂದು ಸೇರಿಸುವ ವಿಧಾನದಲ್ಲಿ ಮಾತ್ರ ಇದು ಸರಿಯಾಗಿ ಬರುತ್ತದೆ. ಚಿತ್ರ ತೆಗೆದ ಮೇಲೆ ಆಟ ಕೆಲವು ಸೆಕೆಂಡು ‘ಸಂಸ್ಕರಿಸುತ್ತಿದೆ’ ಎಂದು ಕಾಯಿಸಿದರೆ ಬೇಸರಪಡಬೇಡಿ. ಇಂಥ ಕೆಲಸಗಳಿಗೇ ಆ ಸಮಯ ಬೇಕು.

ಅಸೆಟ್ಟೊ ಕೊರ್ಸಾ ಬಗ್ಗೆ ಒಂದಿಷ್ಟು. ಇಟಲಿಯ ಕುನೋಸ್ ಸಿಮುಲಾಜಿಯೋನಿ ಮಾಡಿದ, 2014ರ ಆಟ. ಬರೀ ಆಟವಾಗಿ ತೆಗೆದುಕೊಂಡರೆ ಅದರ ಬೆಳಕು ಇಂದಿನ ಕಣ್ಣಿಗೆ ಒಣಗಿದಂತಿದೆ. ಆದರೆ ಆಟಗಾರರೇ ಸೇರಿ ಬೆಳೆಸಿದ ಮಾಡ್‌ಗಳು (ಆಟಕ್ಕೆ ಹೊರಗಿನಿಂದ ಸೇರಿಸುವ ಮಾರ್ಪಾಡುಗಳು) ಅದಕ್ಕೆ ರಾತ್ರಿ, ಮಳೆ, ಹೊಸ ಬೆಳಕು, ಹೆಚ್ಚು ಶಕ್ತಿಯ ಫೋಟೋ ಸೌಲಭ್ಯ ಎಲ್ಲವನ್ನೂ ಕೊಟ್ಟಿವೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ, ಬೆಲೆಯೂ ಕಡಿಮೆ. ಮಾಡ್ ಹಾಕುವುದರಲ್ಲಿ ಒಂದು ಭಾನುವಾರ ಹೋಗುತ್ತದೆ, ಅದಕ್ಕೆ ತಯಾರಿರಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ನೀಡ್ ಫಾರ್ ಸ್ಪೀಡ್ ಅನ್‌ಬೌಂಡ್ ಕಾರಿನ ಸುತ್ತ ಕೈಯಿಂದ ಗೀಚಿದಂತಹ ಗೆರೆಗಳನ್ನು, ಹೊಗೆಯನ್ನು ಸೇರಿಸುತ್ತದೆ. ಪೋಸ್ಟರ್ ಮಾಡುವವರಿಗೆ ಸೊಗಸು, ಬೆಳಕು ಕಲಿಯುವವರಿಗೆ ಅಡ್ಡಿ. ಡ್ರೈವ್‌ಕ್ಲಬ್ 2014ರಲ್ಲಿ ಬಂದು ಆಮೇಲಿನ ಅಪ್‌ಡೇಟ್‌ನಲ್ಲಿ ಫೋಟೋ ಮೋಡ್ ಪಡೆಯಿತು. ಗಾಜಿನ ಮೇಲೆ ಮಳೆಹನಿ ಸರಿಯುವ ರೀತಿಯಲ್ಲಿ ಅದಕ್ಕೆ ಸಮನಾದದ್ದನ್ನು ನಾನು ಹೆಚ್ಚು ಕಂಡಿಲ್ಲ. ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದುಹಾಕಿದ್ದಾರೆ, ಸರ್ವರ್‌ಗಳೂ 2020ರಲ್ಲಿ ಮುಚ್ಚಿದವು. ಹಳೆಯ ಡಿಸ್ಕ್ ಎಲ್ಲಾದರೂ ಸಿಕ್ಕರೆ ಬಿಡಬೇಡಿ, ನಿಮ್ಮ ಪಿಎಸ್4ನಲ್ಲಿ ನಡೆಯುತ್ತದೆ.

ಈ ಮುಚ್ಚುವಿಕೆಯ ವಿಷಯ ಬಂದದ್ದರಿಂದ ಎಚ್ಚರಿಕೆಯ ಮಾತೊಂದಿದೆ. ಗ್ರಾನ್ ಟುರಿಸ್ಮೊ ಸ್ಪೋರ್ಟ್‌ನ ಆನ್‌ಲೈನ್ ಸೇವೆ 2024ರ ಜನವರಿ ಕೊನೆಗೆ ನಿಂತಿತು, ಫೋರ್ಜಾ ಹೊರೈಜನ್ 4ರ ಮಾರಾಟ ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಂತಿತು. ಆಟದೊಳಗಿನ ಗ್ಯಾಲರಿಯನ್ನು ನಂಬಿ ಕೂರಬೇಡಿ. ಚಿತ್ರ ತೆಗೆದ ದಿನವೇ ಕನ್ಸೋಲಿನ ಮೆಮೊರಿಗೆ, ಅಲ್ಲಿಂದ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಪಿಎಸ್2ರ ಕಾಲದ ಗ್ರಾನ್ ಟುರಿಸ್ಮೊ 4ರಲ್ಲಿಯೇ ಚಿತ್ರವನ್ನು ಪೆನ್‌ಡ್ರೈವ್‌ಗೆ ಹಾಕುವ, ಪ್ರಿಂಟರ್ ಜೋಡಿಸಿ ಮುದ್ರಿಸುವ ವ್ಯವಸ್ಥೆ ಇತ್ತು. ಚಿತ್ರ ಆಟದಿಂದ ಹೊರಗೆ ಬಂದು ಬದುಕಬೇಕು ಎಂದು ಯೋಚಿಸಿದ್ದವರನ್ನು ನಾನು ಇಂದಿಗೂ ಗೌರವಿಸುತ್ತೇನೆ. ಇನ್ನೊಂದು ವಿಷಯ: ಗ್ರಾನ್ ಟುರಿಸ್ಮೊ 7ರ ಬಹುಭಾಗ ಇಂಟರ್ನೆಟ್ ಇಲ್ಲದೆ ತೆರೆಯುವುದಿಲ್ಲ, ಡೌನ್‌ಲೋಡ್ ಕೂಡ ಭಾರಿ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೆ ಕೊಳ್ಳುವ ಮೊದಲೇ ಆ ಲೆಕ್ಕ ಹಾಕಿ.

ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಈಗಾಗಲೇ ಬಂದಿದೆ. ಕೋನ, ಕ್ಷಣ, ಹಿನ್ನೆಲೆ, ಚಲನೆಯ ಮಸುಕು: ಇವೆಲ್ಲ ದಾಟಿ ಬರುತ್ತವೆ. ಲೆನ್ಸಿನ ಅಳತೆಯೂ ಬರುತ್ತದೆ. 24 ಮಿ.ಮೀ.ನಲ್ಲಿ ಹತ್ತಿರ ಹೋಗಿ ತೆಗೆದರೆ ಬಂಪರ್ ಉಬ್ಬಿ ಹಿಂಭಾಗ ಕುಗ್ಗುತ್ತದೆ, 100 ಮಿ.ಮೀ. ಆಸುಪಾಸಿನಲ್ಲಿ ದೂರ ನಿಂತು ತೆಗೆದರೆ ಕಾರು ತನ್ನ ನಿಜವಾದ ಆಕಾರಕ್ಕೆ ಬರುತ್ತದೆ ಎಂಬುದನ್ನು ಆಟ ಸರಿಯಾಗಿಯೇ ತೋರಿಸುತ್ತದೆ.

ದಾಟಿ ಬರದೇ ಇರುವುದು ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬೇಕೆಂಬ ಲೆಕ್ಕ. ಬಹುಪಾಲು ಆಟಗಳಲ್ಲಿ ಶಟರ್ ನಿಧಾನ ಮಾಡಿದರೆ ಮಸುಕು ಹೆಚ್ಚುತ್ತದೆ, ಚಿತ್ರ ಬೆಳ್ಳಗಾಗುವುದಿಲ್ಲ. ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಕಿರಿದು ಮಾಡಿದರೆ ಹಿನ್ನೆಲೆ ಸ್ಪಷ್ಟವಾಗುತ್ತದೆ, ಚಿತ್ರ ಕಪ್ಪಾಗುವುದಿಲ್ಲ. ಬೆಳಕಿಗೆ ಬೇರೆಯದೇ ಒಂದು ಸ್ಲೈಡರ್. ನಿಜವಾದ ಕ್ಯಾಮೆರಾದಲ್ಲಿ ಈ ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದು ಸರಿಯುತ್ತದೆ. ಆಟದಲ್ಲಿ ಪಳಗಿದವರು ಕ್ಯಾಮೆರಾ ಹಿಡಿದಾಗ ಮೊದಲು ತಡವರಿಸುವುದು ಇಲ್ಲಿಯೇ.

ಇದನ್ನು ನಿಮ್ಮ ಮೊಬೈಲಿನಲ್ಲೇ ಕಲಿಯಬಹುದು. ಮೊಬೈಲಿನ ಮುಖ್ಯ ಲೆನ್ಸಿನ ಅಪರ್ಚರ್ ಸಾಮಾನ್ಯವಾಗಿ ಎಫ್/1.8ರ ಆಸುಪಾಸಿನಲ್ಲಿ ಸ್ಥಿರವಾಗಿರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) 50ಕ್ಕೆ ಇಳಿಸಿದರೂ ನಡುಹಗಲಿನ ಬಿಸಿಲಿಗೆ ಬೇಕಾಗುವ ಶಟರ್ ಸುಮಾರು 1/4000. ಅಂಥ ಬಿಸಿಲಿನಲ್ಲಿ ಪ್ಯಾನಿಂಗ್‌ಗೆಂದು 1/30 ಇಟ್ಟರೆ ಬೇಕಾದದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಬೆಳಕು ಒಳಬಂದು ಚಿತ್ರ ಬರೀ ಬಿಳಿ ಹಾಳೆಯಾಗುತ್ತದೆ. ಆದ್ದರಿಂದ ಸೂರ್ಯ ಮುಳುಗುವವರೆಗೆ ಕಾಯಿರಿ. ಮುಳುಗಿ ಒಂದಿಷ್ಟು ಹೊತ್ತಾದ ಮೇಲೆ, ಆಕಾಶದಲ್ಲಿ ಇನ್ನೂ ಬೆಳಕಿರುವಾಗಲೇ, ಪ್ರೊ ಮೋಡ್‌ನಲ್ಲಿ (ಶಟರ್, ಐಎಸ್‌ಒಗಳನ್ನು ನಾವೇ ಹೊಂದಿಸುವ ಮೊಬೈಲ್ ಕ್ಯಾಮೆರಾದ ಸೌಲಭ್ಯ) 1/30, ಐಎಸ್‌ಒ 50 ಹೊಂದುತ್ತದೆ. ಗಂಗಾವತಿಯಿಂದ ಆನೆಗೊಂದಿಯ ಕಡೆಗೆ ಹೋಗುವ ರಸ್ತೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಬಂಡೆಗುಡ್ಡ. ಗದ್ದೆಯ ಹಸಿರು ಅಡ್ಡ ಗೆರೆಗಳಾಗಿ ಚೆನ್ನಾಗಿ ಹರಿಯುತ್ತದೆ. ಬಂಡೆಗಳ ಕಡೆ ತಿರುಗಿದರೆ ಬೆಳಕು-ಕತ್ತಲೆಯ ತೇಪೆಗಳಾಗಿ ಹಿನ್ನೆಲೆ ಗೊಂದಲವಾಗುತ್ತದೆ. ರಸ್ತೆಯಿಂದ ದೂರ, ವಾಹನ ತಪ್ಪಿ ಬಂದರೂ ತಾಗದಂಥ ಎತ್ತರದ ಜಾಗದಲ್ಲಿ ನಿಲ್ಲಿ. ಹೆದ್ದಾರಿಯಲ್ಲಿ ಅದಿರಿನ ಲಾರಿಗಳ ಎದುರು ಈ ಅಭ್ಯಾಸ ಬೇಡವೇ ಬೇಡ. ಪಾದ ನೆಲಕ್ಕೆ ಊರಿ ಸೊಂಟದಿಂದ ಮೇಲೆ ಮಾತ್ರ ತಿರುಗಬೇಕು, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಗಂಟೆಗೆ ನಲವತ್ತು ಕಿ.ಮೀ. ವೇಗದ ಬೈಕಿನಿಂದ ಶುರು ಮಾಡಿ. ಗೆಳೆಯ ನಾಲ್ಕಾರು ಸಲ ಹೋಗಿಬಂದರೆ ಸಾಕು, ಹೆಲ್ಮೆಟ್ ಹಾಕಿರಲಿ.

ಬಿಳಿ ಕಾರಿನ ಪಾಠವನ್ನೂ ಮನೆಯ ಹತ್ತಿರವೇ ಮಾಡಿ. ಕೆಮ್ಮಣ್ಣಿಗೆ ಸಂಡೂರಿಗೇ ಬರಬೇಕೆಂದಿಲ್ಲ. ಹಸಿರು ಗದ್ದೆಯ ಪಕ್ಕ ನಿಂತ ಬಿಳಿ ಕಾರಿನ ಬಾಗಿಲಿಗೆ ಹಸಿರು ಹತ್ತುವುದನ್ನು, ಅದೇ ಕಾರು ರಾಯಚೂರಿನ ಕಪ್ಪು ಎರೆಮಣ್ಣಿನ ಮೇಲೆ ನಿಂತಾಗ ಕೆಳಭಾಗ ಕಪ್ಪಿಡುವುದನ್ನು ಗಮನಿಸಿ. ಆಮೇಲೆ ಆಟಕ್ಕೆ ಹೋಗಿ ನೋಡಿದರೆ ಯಾವ ಆಟ ಎಷ್ಟು ನಿಜ ಹೇಳುತ್ತಿದೆ ಎಂಬುದನ್ನು ತೀರ್ಮಾನಿಸಲು ನನ್ನಂಥವರ ಉತ್ತರ ನಿಮಗೆ ಬೇಕಾಗುವುದಿಲ್ಲ.

ಕೊನೆಯ ಪ್ರಶ್ನೆ, ಸ್ಪರ್ಧೆ. ಆಟದ ಚಿತ್ರವನ್ನು ಛಾಯಾಚಿತ್ರ ಎಂದು ಕಳಿಸಬೇಡಿ. ಆ ಚಿತ್ರದಲ್ಲಿ ನಿಮ್ಮ ಕಣ್ಣಿನ ಶ್ರಮವಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ; ಅದು ಚಿತ್ರವೇ ಅಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಕಾರಿನ ಮಾದರಿ, ಬೆಳಕು, ಊರು ಎಲ್ಲವನ್ನೂ ಬೇರೆಯವರು ಕಟ್ಟಿದ್ದಾರೆ. ಬಿಸಿಲಿನಲ್ಲಿ ನಿಂತು ಕ್ಯಾಮೆರಾದಿಂದ ತೆಗೆದವರ ಎದುರು ಅದನ್ನು ಅದೇ ಹೆಸರಿನಲ್ಲಿ ಇಡುವುದು ನ್ಯಾಯವಲ್ಲ. ಡಿಜಿಟಲ್ ಕಲೆಯ ವಿಭಾಗವಿದ್ದರೆ, ನಿಯಮಗಳಲ್ಲಿ ಆಟದ ಚಿತ್ರಕ್ಕೆ ಅವಕಾಶವಿದ್ದರೆ ಖಂಡಿತ ಕಳಿಸಿ. ಶೀರ್ಷಿಕೆಯ ಕೆಳಗೆ ಆಟದ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ಖಾಸಗಿಯಾಗಿ ಹಂಚಿಕೊಳ್ಳುವುದಕ್ಕೆ ಆಟದ ಕಂಪನಿಗಳು ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ, ಮುದ್ರಿಸಿ ಮಾರುವುದು ಬೇರೆ ವಿಷಯ. ಆಯಾ ಆಟದ ಷರತ್ತುಗಳನ್ನು ಓದದೆ ಅದಕ್ಕೆ ಕೈ ಹಾಕಬೇಡಿ. ಛಾಯಾಚಿತ್ರ ವಿಭಾಗಕ್ಕೆ ನೀವು ಮೊಬೈಲಿನಲ್ಲಿ ತೆಗೆದ ಪ್ಯಾನಿಂಗ್ ಚಿತ್ರವನ್ನೇ ಕಳಿಸಿ. ಕಳಿಸುವ ಮೊದಲು ದೊಡ್ಡ ಪರದೆಯಲ್ಲಿ ಹಿಗ್ಗಿಸಿ, ಸವಾರನ ಹೆಲ್ಮೆಟ್‌ನ ಅಂಚು ಚೂಪಾಗಿದೆಯೇ ಎಂದು ಪರೀಕ್ಷಿಸಿ. ಚಕ್ರ, ಗದ್ದೆ, ರಸ್ತೆ ಎಷ್ಟು ಕರಗಿದ್ದರೂ ಪರವಾಗಿಲ್ಲ, ಆ ಅಂಚು ಮಾತ್ರ ಕರಗಿರಬಾರದು.